ಎಸಿ ಗ್ಯಾಸ್ ಸೋರಿಕೆ: ಲೀಕ್ ಹುಡುಕುವುದರಿಂದ ತೂಕ ಹಾಕಿ ತುಂಬುವವರೆಗೆ

ಎಸಿಯೊಳಗಿನ ಗ್ಯಾಸ್ ಬಳಸಿದಂತೆಲ್ಲ ಖರ್ಚಾಗುವುದಿಲ್ಲ. ಯಂತ್ರ ಅದನ್ನು ಸುಡುವುದೂ ಇಲ್ಲ, ಸವೆಸುವುದೂ ಇಲ್ಲ. ಮುಚ್ಚಿದ ಪೈಪುಗಳೊಳಗೆ ದ್ರವವಾಗಿ, ಆವಿಯಾಗಿ, ಮತ್ತೆ ದ್ರವವಾಗಿ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ‘ಎರಡು ವರ್ಷವಾಯಿತಲ್ಲ, ಗ್ಯಾಸ್ ಖಾಲಿಯಾಗಿರುತ್ತದೆ, ತುಂಬಿಸಿಬಿಡೋಣ’ ಎಂದು ಯಾರು ಹೇಳಿದರೂ ಹಾಗೆಯೇ ಒಪ್ಪಿಕೊಳ್ಳಬೇಡಿ. ಗ್ಯಾಸ್ ಕಡಿಮೆಯಿದ್ದರೆ ಅದು ಎಲ್ಲೋ ಸೋರುತ್ತಿದೆ, ಇಲ್ಲವೇ ಹಿಂದೆ ಯಾರೋ ಹಾಕುವಾಗಲೇ ಕಡಿಮೆ ಹಾಕಿದ್ದಾರೆ. ಸೋರುವ ಜಾಗ ಹುಡುಕದೆ ಗ್ಯಾಸ್ ತುಂಬಿಸುವುದು ಪಂಕ್ಚರ್ ಹಾಕದೆ ಟೈರಿಗೆ ಗಾಳಿ ಹೊಡೆದಂತೆ. ಕೆಲವು ದಿನ ತಂಪು ಬರುತ್ತದೆ, ಮತ್ತೆ ಅದೇ ಕಥೆ.

ಗ್ಯಾಸ್ ಬಿಚ್ಚುವುದು, ವೆಲ್ಡಿಂಗ್ ಮಾಡುವುದು, ತುಂಬುವುದು ತರಬೇತಿ ಪಡೆದ ಮೆಕ್ಯಾನಿಕ್ ಮಾಡಬೇಕಾದ ಕೆಲಸ. ಆದರೆ ಗ್ಯಾಸ್ ನಿಜವಾಗಿಯೂ ಕಡಿಮೆಯಾಗಿದೆಯೇ ಎಂದು ಗುರುತಿಸುವುದು, ಸೋರುವ ಜಾಗವನ್ನು ಅಂದಾಜು ಮಾಡುವುದು, ಮೆಕ್ಯಾನಿಕ್ ಕೆಲಸವನ್ನು ಸರಿಯಾದ ಕ್ರಮದಲ್ಲಿ ಮಾಡುತ್ತಿದ್ದಾರೆಯೇ ಎಂದು ನೋಡುವುದು ಮನೆಯವರಿಗೂ ಸಾಧ್ಯ. ಪ್ರತಿ ಹಂತ ಏಕೆ ಬೇಕೆಂದು ಗೊತ್ತಿದ್ದರೆ ಯಾವ ಹಂತವನ್ನೂ ಹಾರಿಸಲು ನೀವು ಬಿಡುವುದಿಲ್ಲ.

ಮೊದಲು: ಗ್ಯಾಸಿನದೇ ತೊಂದರೆಯೇ?

ತಂಪು ಕಡಿಮೆಯಾದ ಕೂಡಲೇ ಗ್ಯಾಸಿನ ಮೇಲೆ ಅನುಮಾನಪಡುವುದು ವಾಡಿಕೆ. ಆದರೆ ಅನೇಕ ಬಾರಿ ಕಾರಣ ಬೇರೆಯೇ ಆಗಿರುತ್ತದೆ. ಇಂಡೋರ್ ಯೂನಿಟ್‌ನ ಫಿಲ್ಟರ್ ತೆಗೆದು ತೊಳೆದು ಒಣಗಿಸಿ ಹಾಕಿ. ಒಳಗಿನ ಕಾಯಿಲ್ ಮೇಲೆ, ಗಾಳಿ ಬೀಸುವ ಉದ್ದನೆಯ ಬ್ಲೋವರ್ ರೆಕ್ಕೆಗಳ ಮೇಲೆ ಧೂಳಿನ ಪದರ ಕಟ್ಟಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿ. ಔಟ್‌ಡೋರ್ ಯೂನಿಟ್‌ನ ಫ್ಯಾನ್ ಪೂರ್ಣ ವೇಗದಲ್ಲಿ ತಿರುಗುತ್ತಿರಬೇಕು, ಅದರ ಹಿಂಬದಿಯ ಕಾಯಿಲ್‌ಗೆ ಕಸ, ಧೂಳು ಮೆತ್ತಿಕೊಂಡಿರಬಾರದು. ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್ ಓಡುತ್ತಲೇ ಇಲ್ಲ, ಬರೀ ಫ್ಯಾನ್ ತಿರುಗುತ್ತಿದೆ ಎಂದಾದರೆ ಕೆಪಾಸಿಟರ್ ಅಥವಾ ವಿದ್ಯುತ್ ಭಾಗದ ತೊಂದರೆಯಿರಬಹುದು. ರಿಮೋಟ್‌ನಲ್ಲಿ ಮೋಡ್ ‘ಕೂಲ್’ನಲ್ಲಿದೆಯೇ ಎಂದೂ ಒಮ್ಮೆ ನೋಡಿಬಿಡಿ. ಇನ್ವರ್ಟರ್ ಎಸಿ ಆದರೆ ಕೋಣೆ ತಣ್ಣಗಾದ ಮೇಲೆ ಕಂಪ್ರೆಸರ್ ತಾನಾಗಿಯೇ ನಿಧಾನವಾಗುತ್ತದೆ, ಅದು ದೋಷವಲ್ಲ.

ಇಷ್ಟಾದ ಮೇಲೆ ಎಸಿಯನ್ನು ಕನಿಷ್ಠ ಉಷ್ಣಾಂಶಕ್ಕಿಟ್ಟು ಇಪ್ಪತ್ತು ನಿಮಿಷ ಓಡಿಸಿ. ಇಂಡೋರ್ ಯೂನಿಟ್ ಗಾಳಿ ಎಳೆದುಕೊಳ್ಳುವ ಮೇಲ್ಭಾಗದಲ್ಲೂ ಗಾಳಿ ಬಿಡುವ ಬಾಯಲ್ಲೂ ಥರ್ಮಾಮೀಟರ್ ಹಿಡಿದು ನೋಡಿ. ಇವೆರಡರ ನಡುವೆ ಸಾಮಾನ್ಯವಾಗಿ 8ರಿಂದ 12 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸವಿರಬೇಕು. ಗಾಳಿಯಲ್ಲಿ ತೇವ ಬಹಳವಿದ್ದರೆ ವ್ಯತ್ಯಾಸ ಸ್ವಲ್ಪ ಕಡಿಮೆ ಬರುತ್ತದೆ. ಎಲ್ಲ ಶುಚಿಯಾಗಿದ್ದೂ ಅದು ಮೂರು ನಾಲ್ಕು ಡಿಗ್ರಿಯಲ್ಲೇ ನಿಂತಿದ್ದರೆ ಈಗ ಗ್ಯಾಸಿನ ಕಡೆ ನೋಡಬಹುದು.

ಗ್ಯಾಸ್ ಕಡಿಮೆಯಾಗಿರುವ ಗುರುತುಗಳು

ಎಲ್ಲಕ್ಕಿಂತ ಹೆಚ್ಚು ವಿಷಯ ತಿಳಿಸುವುದು ಔಟ್‌ಡೋರ್ ಯೂನಿಟ್‌ಗೆ ಸೇರಿರುವ ಎರಡು ಪೈಪುಗಳು, ಒಂದು ಸಣ್ಣದು, ಒಂದು ದಪ್ಪದು. ಗ್ಯಾಸ್ ಸರಿಯಿದ್ದಾಗ ದಪ್ಪ ಪೈಪ್ ಚೆನ್ನಾಗಿ ತಣ್ಣಗಿರುತ್ತದೆ, ಅದರ ವಾಲ್ವ್ ಮೇಲೆ ನೀರಿನ ಹನಿ ಕೂಡುತ್ತದೆ. ಗ್ಯಾಸ್ ಕಡಿಮೆಯಾದಾಗ ಸಣ್ಣ ಪೈಪಿನ ಮೇಲೆ ಬಿಳಿ ಹಿಮ ಕಟ್ಟುತ್ತದೆ, ದಪ್ಪ ಪೈಪ್ ಮಾತ್ರ ಒಣಗಿ ಬೆಚ್ಚಗೆ ಉಳಿಯುತ್ತದೆ. ಒಳಗಿನ ಕಾಯಿಲ್‌ನಲ್ಲೂ ಹೀಗೆಯೇ: ಒಂದು ಮೂಲೆಯಲ್ಲಿ ಮಂಜುಗಡ್ಡೆ, ಉಳಿದ ಭಾಗವೆಲ್ಲ ಒಣಒಣ.

ಇದರ ಕಾರಣ ಸರಳ. ಕಾಯಿಲ್‌ಗೆ ಬರುವ ಗ್ಯಾಸ್ ಕಡಿಮೆಯಾದಾಗ ಅಲ್ಲಿನ ಒತ್ತಡ ಇಳಿಯುತ್ತದೆ. ಒತ್ತಡ ಇಳಿದರೆ ಗ್ಯಾಸ್ ಕುದಿಯುವ ಉಷ್ಣಾಂಶವೂ ಸೊನ್ನೆಗಿಂತ ಕೆಳಗಿಳಿಯುತ್ತದೆ. ಬಂದ ಅಷ್ಟೂ ದ್ರವ ಮೊದಲ ಕೆಲವು ಸುತ್ತುಗಳಲ್ಲೇ ಕುದಿದು ಮುಗಿದುಹೋಗುತ್ತದೆ. ಕುದಿದ ಜಾಗದಲ್ಲಿ ಹಿಮ ಕಟ್ಟುತ್ತದೆ, ಮುಂದಿನ ಕಾಯಿಲ್‌ಗೆ ಏನೂ ಉಳಿದಿರುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಕಾಯಿಲ್ ಪೂರ್ತಿ ಮಂಜುಗಡ್ಡೆಯಾಗಿ, ಆ ಹಿಮ ದಪ್ಪ ಪೈಪಿನವರೆಗೂ ಬಂದಿದ್ದರೆ ಅದು ಬಹುಮಟ್ಟಿಗೆ ಗಾಳಿಯ ಹರಿವು ಕಟ್ಟಿದ ಲಕ್ಷಣ: ಕೊಳೆಯಾದ ಫಿಲ್ಟರ್, ನಿಧಾನವಾದ ಬ್ಲೋವರ್. ಆ ಎಸಿಗೆ ಗ್ಯಾಸ್ ತುಂಬಿಸಿದರೆ ಕಂಪ್ರೆಸರ್‌ಗೇ ಅಪಾಯ.

ಔಟ್‌ಡೋರ್ ಯೂನಿಟ್ ಬಿಡುವ ಗಾಳಿ ಬಿಸಿಯಾಗಿಲ್ಲದಿರುವುದು, ಕಂಪ್ರೆಸರ್ ಬಿಡುವಿಲ್ಲದೆ ಓಡಿಯೂ ಕೋಣೆ ತಣ್ಣಗಾಗದಿರುವುದು, ಕಂಪ್ರೆಸರ್ ಕಾದು ತಾನೇ ಆಫ್ ಆಗುವುದು, ಇಂಡೋರ್ ಯೂನಿಟ್‌ನಲ್ಲಿ ಸುಯ್ಯೆನ್ನುವ ಸದ್ದು ಇವೂ ಪೂರಕ ಗುರುತುಗಳು. ಮಂಜುಗಡ್ಡೆ ಕಂಡರೆ ಕೂಲಿಂಗ್ ನಿಲ್ಲಿಸಿ, ಬರೀ ಫ್ಯಾನ್ ಮೋಡ್‌ನಲ್ಲಿ ಓಡಿಸಿ ಕರಗಿಸಿ. ಚಾಕು, ಸ್ಕ್ರೂಡ್ರೈವರ್‌ನಿಂದ ಕೆರೆಯಬೇಡಿ. ಇಲ್ಲದ ತೂತನ್ನು ನೀವೇ ಮಾಡಿದಂತಾಗುತ್ತದೆ.

ಯಾವ ಗ್ಯಾಸ್ ಎಂದು ತಿಳಿದುಕೊಳ್ಳಿ

ಔಟ್‌ಡೋರ್ ಯೂನಿಟ್‌ನ ಬದಿಗೆ ಅಂಟಿಸಿರುವ ನೇಮ್‌ಪ್ಲೇಟ್‌ನ ಫೋಟೋ ತೆಗೆದಿಟ್ಟುಕೊಳ್ಳಿ. ಗ್ಯಾಸಿನ ಹೆಸರು ಮತ್ತು ಎಷ್ಟು ಗ್ರಾಂ ಎಂಬುದು ಅಲ್ಲಿರುತ್ತದೆ. ಮುಂದಿನ ಎಲ್ಲ ಕೆಲಸಕ್ಕೂ ಆ ಎರಡು ಸಂಗತಿಗಳೇ ಆಧಾರ.

ಹಳೆಯ ಯಂತ್ರಗಳಲ್ಲಿರುವುದು ಆರ್-22. ಇದು ಓಝೋನ್ ಪದರಕ್ಕೆ ಹಾನಿ ಮಾಡುವುದರಿಂದ 1987ರ ಮಾಂಟ್ರಿಯಲ್ ಒಪ್ಪಂದದ ಅಡಿಯಲ್ಲಿ ಹಂತಹಂತವಾಗಿ ಕೈಬಿಡಲಾಗುತ್ತಿದೆ. ನಂತರ ಬಂದ ಆರ್-410ಎ ಓಝೋನ್‌ಗೆ ತೊಂದರೆ ಮಾಡದು, ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈ ಆಕ್ಸೈಡ್‌ಗಿಂತ ಸುಮಾರು 2,000 ಪಟ್ಟು ಬಲಶಾಲಿ. ಈಗಿನ ಬಹಳಷ್ಟು ಹೊಸ ಎಸಿಗಳಲ್ಲಿರುವ ಆರ್-32ಕ್ಕೆ ಆ ಸಂಖ್ಯೆ ಸುಮಾರು 675. ಆದರೆ ಅದು ನಿಧಾನವಾಗಿ ಹೊತ್ತಿಕೊಳ್ಳಬಲ್ಲ ಗ್ಯಾಸ್. ಆರ್-290 ಎಂದರೆ ಪ್ರೊಪೇನ್. ಪರಿಸರಕ್ಕೆ ಬಹಳ ಸೌಮ್ಯ, ಬೆಂಕಿಯ ಮಟ್ಟಿಗೆ ಎಲ್ಲಕ್ಕಿಂತ ಅಪಾಯಕಾರಿ.

ಒಂದಕ್ಕೆ ಇನ್ನೊಂದನ್ನು ಬೆರೆಸಬಾರದು, ಒಂದರ ಬದಲು ಇನ್ನೊಂದನ್ನು ತುಂಬಬಾರದು. ‘ಆರ್-32, ಆರ್-410ಎ ಎರಡರ ಒತ್ತಡವೂ ಹೆಚ್ಚುಕಡಿಮೆ ಒಂದೇ, ನಡೆಯುತ್ತದೆ’ ಎನ್ನುವವರಿದ್ದಾರೆ. ಒತ್ತಡ ಹತ್ತಿರ ಹತ್ತಿರ ಇರುವುದು ನಿಜ. ಆದರೆ ಆರ್-410ಎ ಯಂತ್ರದ ಕಂಪ್ರೆಸರ್, ಎಣ್ಣೆ, ವಿದ್ಯುತ್ ಭಾಗಗಳನ್ನು ಹೊತ್ತಿಕೊಳ್ಳುವ ಗ್ಯಾಸಿಗೆಂದು ರೂಪಿಸಿರುವುದಿಲ್ಲ.

ಲೀಕ್ ಹುಡುಕುವುದು

ಇಡೀ ಕೆಲಸದಲ್ಲಿ ಹೆಚ್ಚು ತಾಳ್ಮೆ ಬೇಡುವುದು ಇದೇ. ಅವಸರದಲ್ಲಿ ಬಿಟ್ಟುಬಿಡುವುದೂ ಇದನ್ನೇ.

ಮೊದಲು ಕಣ್ಣಿನಿಂದ ನೋಡಿ. ಗ್ಯಾಸಿನ ಜೊತೆ ಕಂಪ್ರೆಸರ್ ಎಣ್ಣೆಯೂ ಸ್ವಲ್ಪ ಸುತ್ತುತ್ತಿರುತ್ತದೆ. ಗ್ಯಾಸ್ ಸೋರುವ ಕಡೆ ಎಣ್ಣೆಯೂ ಜಿನುಗಿ, ಅದಕ್ಕೆ ಧೂಳು ಹಿಡಿದು ಕಪ್ಪು ಜಿಡ್ಡಿನ ಕಲೆಯಾಗುತ್ತದೆ. ಔಟ್‌ಡೋರ್ ಯೂನಿಟ್‌ನ ಎರಡು ವಾಲ್ವ್‌ಗಳು, ಅವಕ್ಕೆ ಪೈಪ್ ಬಿಗಿದಿರುವ ಹಿತ್ತಾಳೆಯ ಫ್ಲೇರ್ ನಟ್‌ಗಳು, ಇಂಡೋರ್ ಯೂನಿಟ್ ಹಿಂದೆ ಟೇಪ್ ಸುತ್ತಿ ಮುಚ್ಚಿರುವ ಇನ್ನೆರಡು ನಟ್‌ಗಳು, ಕಾಯಿಲ್ ತುದಿಗಳಲ್ಲಿ ಬಾಗಿದ ಪೈಪುಗಳ ವೆಲ್ಡಿಂಗ್, ಪೈಪ್ ಪೈಪಿಗೆ ಅಥವಾ ತಗಡಿಗೆ ತಾಗಿ ಅದುರಿ ಉಜ್ಜಿದ ಜಾಗಗಳು: ಹುಡುಕುವ ಕ್ರಮ ಇದೇ ಇರಲಿ. ಸ್ಪ್ಲಿಟ್ ಎಸಿಯ ನಾಲ್ಕು ಫ್ಲೇರ್ ನಟ್‌ಗಳನ್ನು ಮನೆಯಲ್ಲೇ ಬಿಗಿದಿರುತ್ತಾರೆ, ಕಾರ್ಖಾನೆಯಲ್ಲಲ್ಲ. ಆದ್ದರಿಂದ ಹೊಸ ಎಸಿ ಮೊದಲ ವರ್ಷದಲ್ಲೇ ಗ್ಯಾಸ್ ಕಳೆದುಕೊಂಡರೆ ನನ್ನ ಮೊದಲ ಅನುಮಾನ ಆ ನಾಲ್ಕರ ಮೇಲೆಯೇ.

ಆಮೇಲೆ ಸೋಪಿನ ನೊರೆ. ಪಾತ್ರೆ ತೊಳೆಯುವ ದ್ರವವನ್ನು ಸ್ವಲ್ಪವೇ ನೀರಿನಲ್ಲಿ ಗಟ್ಟಿಯಾಗಿ ಕಲಸಿ, ಬ್ರಷ್‌ನಿಂದ ನಟ್‌ನ ಸುತ್ತ ಹಚ್ಚಿ. ಇದನ್ನು ಎಸಿ ಆಫ್ ಮಾಡಿ, ಮೇನ್ ಸ್ವಿಚ್ ತೆಗೆದು, ಹತ್ತು ನಿಮಿಷ ಬಿಟ್ಟು ಮಾಡಬೇಕು. ಎಸಿ ಓಡುವಾಗ ಒಳಗಿನ ಕಾಯಿಲ್ ಮತ್ತು ದಪ್ಪ ಪೈಪಿನಲ್ಲಿ ಒತ್ತಡ ಕಡಿಮೆಯಿರುತ್ತದೆ. ನಿಂತ ಮೇಲೆ ಎಲ್ಲ ಕಡೆಯೂ ಒತ್ತಡ ಸಮವಾಗಿ ಆ ಭಾಗದಲ್ಲಿ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ, ಓಡುವಾಗ ಕಾಣದ ಸೋರಿಕೆ ಆಗ ಕಾಣುತ್ತದೆ. ದೊಡ್ಡ ಸೋರಿಕೆಯಾದರೆ ಗುಳ್ಳೆ ತಕ್ಷಣ ಏಳುತ್ತದೆ. ಸಣ್ಣದಾದರೆ ಕೆಲವು ನಿಮಿಷಗಳ ನಂತರ ಬಿಳಿ ನೊರೆಯ ಚುಕ್ಕೆ ಮೂಡುತ್ತದೆ. ಹಚ್ಚಿ ಅರ್ಧ ನಿಮಿಷ ನೋಡಿ ‘ಇಲ್ಲಿಲ್ಲ’ ಎಂದು ಮುಂದೆ ಹೋಗಬೇಡಿ. ಮುಗಿದ ಮೇಲೆ ಸೋಪನ್ನು ಒದ್ದೆ ಬಟ್ಟೆಯಿಂದ ಒರೆಸಿ. ವಾಲ್ವ್‌ನ ಕ್ಯಾಪ್ ಬಿಚ್ಚಿ ಒಳಗಿನ ಪಿನ್ ಒತ್ತುವ ಕೆಲಸ ಮಾತ್ರ ಖಂಡಿತ ಬೇಡ. ಹೊರಬರುವ ದ್ರವ ಸೊನ್ನೆಗಿಂತ ನಲವತ್ತು ಐವತ್ತು ಡಿಗ್ರಿ ಕೆಳಗೆ ಕುದಿಯುವಂಥದ್ದು, ಚರ್ಮಕ್ಕೆ, ಕಣ್ಣಿಗೆ ತಗುಲಿದರೆ ಸುಟ್ಟಂಥ ಗಾಯವಾಗುತ್ತದೆ.

ಮೆಕ್ಯಾನಿಕ್ ಬಳಿ ಎಲೆಕ್ಟ್ರಾನಿಕ್ ಲೀಕ್ ಡಿಟೆಕ್ಟರ್ ಇದ್ದರೆ ಕೋಣೆಯ ಫ್ಯಾನ್‌ಗಳನ್ನೆಲ್ಲ ನಿಲ್ಲಿಸಿ ಬಳಸಬೇಕು. ಈ ಗ್ಯಾಸ್‌ಗಳು ಗಾಳಿಗಿಂತ ಭಾರ, ಆದ್ದರಿಂದ ಪ್ರತಿ ಜಾಯಿಂಟ್‌ನ ಕೆಳಭಾಗದಲ್ಲಿ ಹಿಡಿಯುವುದು ಮುಖ್ಯ. ಒಳಗಿನ ಕಾಯಿಲ್ ಮೇಲೆ ಅನುಮಾನವಿದ್ದರೆ ನೀರು ಬೀಳುವ ಡ್ರೈನ್ ತಟ್ಟೆಯ ಬಳಿ ಹಿಡಿಯಬೇಕು.

ಇಷ್ಟರಲ್ಲೂ ಸಿಗದಿದ್ದರೆ ಒಳಗಿನ ಗ್ಯಾಸನ್ನು ರಿಕವರಿ ಯಂತ್ರದಿಂದ ಸಿಲಿಂಡರ್‌ಗೆ ಎಳೆದುಕೊಂಡು ಒಣ ನೈಟ್ರೋಜನ್ ತುಂಬಿ ಪರೀಕ್ಷಿಸಬೇಕು. ನೈಟ್ರೋಜನ್ ಸಿಲಿಂಡರ್‌ನ ಒತ್ತಡ ಎಸಿ ತಡೆಯುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ರೆಗ್ಯುಲೇಟರ್ ಇಲ್ಲದೆ ಜೋಡಿಸಲೇಬಾರದು. ಒತ್ತಡವನ್ನು ಹಂತಹಂತವಾಗಿ ಏರಿಸಬೇಕು, ನೇಮ್‌ಪ್ಲೇಟ್‌ನಲ್ಲಿರುವ ಗರಿಷ್ಠ ಮಿತಿಯನ್ನು ದಾಟಬಾರದು. ನೈಟ್ರೋಜನ್ ಬದಲು ಆಮ್ಲಜನಕ ತುಂಬಿದರೆ ಒಳಗಿನ ಎಣ್ಣೆಯೊಡನೆ ಸೇರಿ ಸ್ಫೋಟವಾಗುತ್ತದೆ. ಪ್ರಾಣ ತೆಗೆಯುವ ತಪ್ಪು ಅದು. ವೆಲ್ಡಿಂಗ್ ಸೆಟ್‌ನ ಆಮ್ಲಜನಕದ ಸಿಲಿಂಡರ್ ಪಕ್ಕದಲ್ಲೇ ಇರುತ್ತದೆ, ಆದ್ದರಿಂದ ಯಾವ ಸಿಲಿಂಡರ್ ಜೋಡಿಸುತ್ತಿದ್ದಾರೆ ಎಂದು ಕೇಳಲು ಸಂಕೋಚಪಡಬೇಡಿ. ಮಾಮೂಲಿ ಏರ್ ಕಂಪ್ರೆಸರ್‌ನ ಗಾಳಿಯೂ ಕೂಡದು.

ನೈಟ್ರೋಜನ್ ತುಂಬಿ ವಾಲ್ವ್ ಮುಚ್ಚಿ ಕೆಲವು ಗಂಟೆ, ಸಾಧ್ಯವಾದರೆ ಒಂದು ರಾತ್ರಿ ಬಿಡಬೇಕು. ಒತ್ತಡ ಅಳೆಯುವ ಗೇಜ್‌ನ ಮುಳ್ಳು ಇಳಿದಿದೆ ಎಂದು ಗಾಬರಿಯಾಗುವ ಮುನ್ನ ಉಷ್ಣಾಂಶ ನೋಡಿ. 400 ಪಿಎಸ್‌ಐ (ಒತ್ತಡದ ಅಳತೆ) ಇಟ್ಟಾಗ 32 ಡಿಗ್ರಿ ಇದ್ದು ಬೆಳಗ್ಗೆ 27 ಡಿಗ್ರಿ ಆಗಿದ್ದರೆ ಸೋರಿಕೆಯಿಲ್ಲದೆಯೂ ಸುಮಾರು 7 ಪಿಎಸ್‌ಐ ಇಳಿಯುತ್ತದೆ. ಅದಕ್ಕಿಂತ ಹೆಚ್ಚು ಇಳಿದಿದ್ದರೆ ಇಂಡೋರ್ ಯೂನಿಟ್, ಪೈಪ್, ಔಟ್‌ಡೋರ್ ಯೂನಿಟ್ ಮೂರನ್ನೂ ಬೇರ್ಪಡಿಸಿ ಒಂದೊಂದಾಗಿ ಪರೀಕ್ಷಿಸಬೇಕು. ಗೋಡೆಯೊಳಗೆ ಹೋಗಿರುವ ಪೈಪಿನ ಸೋರಿಕೆ ಸಿಗುವುದು ಹೀಗೆಯೇ.

ದುರಸ್ತಿ

ಫ್ಲೇರ್ ನಟ್ ಸೋರುತ್ತಿದ್ದರೆ ಸ್ಪ್ಯಾನರ್ ಹಾಕಿ ಇನ್ನಷ್ಟು ಬಿಗಿಯುವುದು ಮೊದಲ ಯೋಚನೆ. ಸಡಿಲವಿದ್ದರೆ ಅದು ಸರಿ, ಆದರೆ ಒಂದು ಮಿತಿಯಾಚೆ ಬಿಗಿದರೆ ತಾಮ್ರದ ಅಂಚು ತೆಳುವಾಗಿ ಸೀಳುತ್ತದೆ, ಕೆಲವೊಮ್ಮೆ ನಟ್ಟೇ ಬಿರಿಯುತ್ತದೆ. ಅಂಚು ಕೆಟ್ಟಿದ್ದರೆ ಅದನ್ನು ಕತ್ತರಿಸಿ, ಒಳಗಿನ ಚೂರುಗಳನ್ನು ತೆಗೆದು, ಪೈಪಿನ ತುದಿಯನ್ನು 45 ಡಿಗ್ರಿ ಕೋನದಲ್ಲಿ ಆಲಿಕೆಯ ಬಾಯಂತೆ ಅಗಲಿಸಿ ಹೊಸ ಫ್ಲೇರ್ ಮಾಡಿ, ಟಾರ್ಕ್ ವ್ರೆಂಚ್‌ನಿಂದ ಬಿಗಿಯಬೇಕು. ಕಾಲು ಇಂಚಿನ ಪೈಪಿಗೆ ಸುಮಾರು 14ರಿಂದ 18 ನ್ಯೂಟನ್ ಮೀಟರ್, ಅರ್ಧ ಇಂಚಿಗೆ ಸುಮಾರು 50ರಿಂದ 60. ನಿಮ್ಮ ಎಸಿಯ ಕೈಪಿಡಿಯಲ್ಲಿರುವ ಸಂಖ್ಯೆಯೇ ಅಂತಿಮ.

ಪೈಪಿನ ತೂತಿಗೆ ವೆಲ್ಡಿಂಗ್ ಮಾಡುವಾಗ ಒಳಗೆ ಗ್ಯಾಸ್ ಒಂದಿಷ್ಟೂ ಇರಬಾರದು. ಜ್ವಾಲೆಗೆ ಸಿಕ್ಕ ಗ್ಯಾಸ್ ಒಡೆದು ವಿಷಾನಿಲವಾಗುತ್ತದೆ, ಆರ್-32, ಆರ್-290 ಆದರೆ ಹೊತ್ತಿಯೂ ಕೊಳ್ಳಬಹುದು. ವೆಲ್ಡಿಂಗ್ ನಡೆಯುವಷ್ಟು ಹೊತ್ತೂ ಪೈಪಿನೊಳಗೆ ನೈಟ್ರೋಜನ್ ನಿಧಾನವಾಗಿ ಹರಿಯುತ್ತಿರಬೇಕು. ಇಲ್ಲದಿದ್ದರೆ ತಾಮ್ರದ ಒಳಗೋಡೆ ಸುಟ್ಟು ಕಪ್ಪು ಪುಡಿ ಏಳುತ್ತದೆ, ಅದು ಮುಂದೆ ಕ್ಯಾಪಿಲರಿಯಲ್ಲಿ, ಅಂದರೆ ದ್ರವದ ಒತ್ತಡ ಇಳಿಸುವ ಬಹಳ ಸಣ್ಣ ಕೊಳವೆಯಲ್ಲಿ, ಸಿಕ್ಕಿಕೊಳ್ಳುತ್ತದೆ.

ಒಳಗಿನ ಕಾಯಿಲ್‌ನಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದಿದ್ದರೆ ಯೋಚಿಸಬೇಕು. ತೇವ ಮತ್ತು ಕೆಲವು ಆಮ್ಲೀಯ ಆವಿಗಳು ಸೇರಿ ತಾಮ್ರವನ್ನು ಒಳಗೊಳಗೇ ಕೊರೆದಿರುತ್ತವೆ. ಒಂದು ಕಡೆ ತೂತಾದ ಕಾಯಿಲ್ ಬೇರೆ ಕಡೆಗಳಲ್ಲೂ ದುರ್ಬಲವಾಗಿರುತ್ತದೆ. ಅಂಥ ಕಾಯಿಲ್‌ಗೆ ತೇಪೆ ಹಾಕಿಸುವುದಕ್ಕಿಂತ ಬದಲಿಸುವುದೇ ಮೇಲು. ಗ್ಯಾಸಿನ ಜೊತೆ ಒಳಗೆ ಹಾಕುವ ಸೀಲಂಟ್ ದ್ರವಗಳನ್ನು ಬಳಸಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ತೂತನ್ನು ಮುಚ್ಚಬೇಕಾದ ಅಂಟು ಕ್ಯಾಪಿಲರಿಯನ್ನೇ ಮುಚ್ಚಿಬಿಡಬಹುದು.

ದುರಸ್ತಿಯ ನಂತರ ನೈಟ್ರೋಜನ್ ಪರೀಕ್ಷೆ ಇನ್ನೊಮ್ಮೆ ಆಗಲೇಬೇಕು.

ವ್ಯಾಕ್ಯೂಮ್: ಯಾರೂ ನೋಡದಿದ್ದರೆ ತಪ್ಪಿಹೋಗುವ ಹಂತ

ಪೈಪುಗಳನ್ನು ಬಿಚ್ಚಿದಾಗ ಒಳಗೆ ಗಾಳಿಯೂ ತೇವವೂ ಹೋಗಿರುತ್ತವೆ. ಗಾಳಿ ಕಂಡೆನ್ಸರ್‌ನಲ್ಲಿ (ಔಟ್‌ಡೋರ್ ಯೂನಿಟ್‌ನ ಕಾಯಿಲ್) ಜಾಗ ಹಿಡಿದು ಕೂತು ಒತ್ತಡ ಏರಿಸುತ್ತದೆ, ಕರೆಂಟ್ ಬಿಲ್ಲನ್ನೂ ಏರಿಸುತ್ತದೆ. ತೇವ ಅದಕ್ಕಿಂತ ಕೆಟ್ಟದ್ದು. ಕ್ಯಾಪಿಲರಿಯ ಬಾಯಲ್ಲಿ ಹಿಮವಾಗಿ ಕಟ್ಟಿಕೊಳ್ಳುತ್ತದೆ, ಆರ್-410ಎ ಮತ್ತು ಆರ್-32 ಯಂತ್ರಗಳಲ್ಲಿ ಬಳಸುವ ಎಣ್ಣೆಯೊಡನೆ ಸೇರಿ ಆಮ್ಲವಾಗುತ್ತದೆ, ಆ ಆಮ್ಲ ಕಂಪ್ರೆಸರ್ ಮೋಟಾರಿನ ತಂತಿ ಸುರುಳಿಯನ್ನು (ವೈಂಡಿಂಗ್) ತಿನ್ನುತ್ತದೆ. ಸ್ವಲ್ಪ ಗ್ಯಾಸನ್ನೇ ಒಳಗೆ ಬಿಟ್ಟು ಗಾಳಿಯನ್ನು ಹೊರಗೆ ತಳ್ಳಿ ‘ಏರ್ ತೆಗೆದೆ’ ಎನ್ನುವ ಅಭ್ಯಾಸವಿದೆ. ಅದರಿಂದ ತೇವ ಹೋಗುವುದಿಲ್ಲ.

ವ್ಯಾಕ್ಯೂಮ್ ಪಂಪ್ ಒಳಗಿನ ಒತ್ತಡವನ್ನು ಎಷ್ಟು ಇಳಿಸುತ್ತದೆ ಎಂದರೆ ಪೈಪಿನೊಳಗಿನ ನೀರು ಕೋಣೆಯ ಉಷ್ಣಾಂಶದಲ್ಲೇ ಕುದಿದು ಆವಿಯಾಗಿ ಹೊರಬರುತ್ತದೆ. ಗುರಿ 500 ಮೈಕ್ರಾನ್ (ಇಲ್ಲಿ ಇದು ಒತ್ತಡದ ಅಳತೆ) ಅಥವಾ ಅದಕ್ಕಿಂತ ಕೆಳಗೆ. ನಮ್ಮ ಸುತ್ತಲಿನ ಗಾಳಿಯ ಒತ್ತಡ 7,60,000 ಮೈಕ್ರಾನ್. ಗ್ಯಾಸ್ ತುಂಬುವ ಸಾಮಾನ್ಯ ಗೇಜ್‌ನ ಮುಳ್ಳಿಗೆ 500ಕ್ಕೂ 5,000ಕ್ಕೂ ವ್ಯತ್ಯಾಸವೇ ಗೊತ್ತಾಗದು. ಆದ್ದರಿಂದ ಡಿಜಿಟಲ್ ವ್ಯಾಕ್ಯೂಮ್ ಗೇಜ್ ಬೇಕು. ‘ಇಪ್ಪತ್ತು ನಿಮಿಷ ಪಂಪ್ ಹಾಕಿದ್ದೇನೆ’ ಎಂಬುದು ಅಳತೆಯಲ್ಲ. ಒಳಗೆ ತೇವ ಹೆಚ್ಚಿದ್ದರೆ ಒಂದು ಗಂಟೆಯೂ ಸಾಲದಿರಬಹುದು.

500 ತಲುಪಿದ ಮೇಲೆ ವಾಲ್ವ್ ಮುಚ್ಚಿ, ಪಂಪ್ ನಿಲ್ಲಿಸಿ, ಹತ್ತು ನಿಮಿಷ ಗೇಜ್ ನೋಡಬೇಕು. 1,000 ಮೈಕ್ರಾನ್‌ನೊಳಗೆ ನಿಂತರೆ ಒಳಗೆ ಒಣಗಿದೆ, ಬಿಗಿಯಾಗಿದೆ. ಒಂದಷ್ಟು ಏರಿ ಅಲ್ಲೇ ನಿಂತುಬಿಟ್ಟರೆ ತೇವ ಉಳಿದಿದೆ, ಒಳಗೆ ಒಣ ನೈಟ್ರೋಜನ್ ಹಾಯಿಸಿ ಮತ್ತೆ ಪಂಪ್ ಹಾಕಬೇಕು. ನಿಲ್ಲದೆ ಏರುತ್ತಲೇ ಹೋದರೆ ಸೋರಿಕೆ ಇನ್ನೂ ಇದೆ. ಆಗ ಗ್ಯಾಸ್ ಸಿಲಿಂಡರ್ ತೆರೆಯಲು ಬಿಡಬೇಡಿ.

ತೂಕ ಹಾಕಿ ತುಂಬುವುದು

ಸರಿಯಾದ ವಿಧಾನ ಒಂದೇ: ಸಿಲಿಂಡರನ್ನು ಡಿಜಿಟಲ್ ತಕ್ಕಡಿಯ ಮೇಲಿಟ್ಟು, ನೇಮ್‌ಪ್ಲೇಟ್‌ನಲ್ಲಿರುವಷ್ಟು ಗ್ರಾಂ ಒಳಗೆ ಬಿಡುವುದು. ಪೈಪ್ ಕೈಪಿಡಿಯಲ್ಲಿ ಹೇಳಿದ್ದಕ್ಕಿಂತ ಉದ್ದವಿದ್ದರೆ ಪ್ರತಿ ಹೆಚ್ಚುವರಿ ಮೀಟರ್‌ಗೆ ಎಷ್ಟು ಗ್ರಾಂ ಸೇರಿಸಬೇಕು ಎಂಬುದೂ ಅಲ್ಲೇ ಇರುತ್ತದೆ. ಮನೆಯ ಸ್ಪ್ಲಿಟ್ ಎಸಿಯಲ್ಲಿರುವ ಒಟ್ಟು ಗ್ಯಾಸೇ ಒಂದು ಕಿಲೋ ಆಸುಪಾಸು. ಅದರಲ್ಲಿ ನೂರು ಗ್ರಾಂ ಹೆಚ್ಚುಕಡಿಮೆಯಾದರೂ ಯಂತ್ರದ ಕೆಲಸ ಕೆಡುತ್ತದೆ. ಆರ್-410ಎ ಎರಡು ಗ್ಯಾಸ್‌ಗಳ ಮಿಶ್ರಣ, ಅದನ್ನು ಸಿಲಿಂಡರ್‌ನಿಂದ ದ್ರವರೂಪದಲ್ಲೇ ತೆಗೆಯಬೇಕು. ಕಂಪ್ರೆಸರ್ ಓಡುತ್ತಿರುವಾಗ ಉಳಿದದ್ದನ್ನು ಹಾಕುವುದಾದರೆ ಸ್ವಲ್ಪಸ್ವಲ್ಪವೇ ಬಿಡಬೇಕು, ದ್ರವ ಒಮ್ಮೆಲೇ ಕಂಪ್ರೆಸರ್ ಒಳಗೆ ಹೋದರೆ ಅದರ ವಾಲ್ವ್ ಮುರಿಯುತ್ತದೆ.

ಗೇಜ್ ನೋಡಿ ತುಂಬಿದರೆ ಏನು ತಪ್ಪು ಎಂದು ಕೇಳಬಹುದು. ಎಸಿ ನಿಂತಿರುವಾಗ ಒಳಗಿನ ಒತ್ತಡ ಉಷ್ಣಾಂಶವನ್ನಷ್ಟೇ ತೋರಿಸುತ್ತದೆ. 30 ಡಿಗ್ರಿಯಲ್ಲಿ ಆರ್-32 ಸುಮಾರು 265 ಪಿಎಸ್‌ಐ, ಆರ್-22 ಸುಮಾರು 158. ಒಳಗೆ ಸ್ವಲ್ಪವಾದರೂ ದ್ರವ ಉಳಿದಿದ್ದರೆ, ಅರ್ಧ ಗ್ಯಾಸ್ ಹೋಗಿದ್ದರೂ ಇದೇ ಸಂಖ್ಯೆ ಬರುತ್ತದೆ. ಓಡುವಾಗಿನ ಒತ್ತಡವೋ ಹೊರಗಿನ ಬಿಸಿಲು, ಕೋಣೆಯ ಉಷ್ಣಾಂಶ, ಫಿಲ್ಟರ್‌ನ ಸ್ಥಿತಿ, ಇನ್ವರ್ಟರ್ ಆದರೆ ಕಂಪ್ರೆಸರ್‌ನ ವೇಗ ಇವೆಲ್ಲದರ ಜೊತೆ ಬದಲಾಗುತ್ತದೆ. ಹಾಗಾಗಿ ಗೇಜ್ ಕೆಲಸ ಸರಿಯಾಗಿದೆಯೇ ಎಂದು ನೋಡುವುದಕ್ಕೆ, ಪ್ರಮಾಣ ನಿರ್ಧರಿಸುವುದಕ್ಕಲ್ಲ. ಒಳಗೆ ಎಷ್ಟು ಉಳಿದಿದೆ ಎಂದು ಗೊತ್ತಿಲ್ಲದೆ ಟಾಪ್‌ಅಪ್ ಮಾಡುವುದಕ್ಕಿಂತ, ಇರುವುದನ್ನು ರಿಕವರಿ ಮಾಡಿ ಪೂರ್ತಿ ಹೊಸದಾಗಿ ತೂಕ ಹಾಕಿ ತುಂಬುವುದು ಉತ್ತಮ. ಹೆಚ್ಚು ತುಂಬಿದರೆ ಹೆಚ್ಚು ತಂಪು ಎಂಬುದೂ ಸುಳ್ಳು. ಒತ್ತಡ ಏರಿ, ಕರೆಂಟ್ ಹೆಚ್ಚು ಎಳೆದು, ಕಂಪ್ರೆಸರ್ ಟ್ರಿಪ್ ಆಗುತ್ತದೆ.

ಕೆಲಸ ನಡೆಯುವಾಗಿನ ಎಚ್ಚರ

ಆರ್-32 ಅಥವಾ ಆರ್-290 ಆದರೆ ಕಿಟಕಿ ಬಾಗಿಲು ತೆರೆದಿರಲಿ. ಒಲೆ, ದೀಪ, ಊದುಬತ್ತಿ, ಸಿಗರೇಟು ಯಾವುದೂ ಹತ್ತಿರ ಬೇಡ. ಗ್ಯಾಸ್ ನೆಲಮಟ್ಟದಲ್ಲಿ ಸೇರಿಕೊಳ್ಳುವುದರಿಂದ ತಗ್ಗು ಜಾಗಗಳಲ್ಲಿ ಹೆಚ್ಚು ಜಾಗ್ರತೆ. ಮುಚ್ಚಿದ ಸಣ್ಣ ಕೋಣೆಯಲ್ಲಿ ಹೊತ್ತಿಕೊಳ್ಳದ ಗ್ಯಾಸ್ ಸೋರಿದರೂ ಅದು ಉಸಿರಾಡುವ ಗಾಳಿಯನ್ನು ತಳ್ಳಿಬಿಡುತ್ತದೆ.

ಇನ್ನೊಂದು ಅಪಾಯ ಅಷ್ಟಾಗಿ ಯಾರ ಗಮನಕ್ಕೂ ಬರುವುದಿಲ್ಲ. ಎಸಿ ಬಿಚ್ಚುವ ಮುನ್ನ ಕಂಪ್ರೆಸರ್ ಓಡಿಸಿ ಗ್ಯಾಸನ್ನೆಲ್ಲ ಔಟ್‌ಡೋರ್ ಯೂನಿಟ್‌ಗೆ ಎಳೆದುಕೊಳ್ಳುವ ‘ಪಂಪ್ ಡೌನ್’ ವಿಧಾನವಿದೆ. ಸೋರುತ್ತಿರುವ ಎಸಿಯಲ್ಲಿ ಇದನ್ನು ಮಾಡಿದರೆ, ಅಥವಾ ಕಂಪ್ರೆಸರ್ ಓಡುತ್ತಿರುವಾಗಲೇ ಪೈಪ್ ಸಡಿಲಿಸಿದರೆ, ಗಾಳಿ ಒಳಗೆ ಸೇರಿ ಎಣ್ಣೆಯೊಡನೆ ಅತಿ ಒತ್ತಡಕ್ಕೆ ಸಿಕ್ಕಿ ಕಂಪ್ರೆಸರ್ ಸ್ಫೋಟಿಸಬಹುದು. ಸೋರಿಕೆಯಿರುವ ಯಂತ್ರಕ್ಕೆ ರಿಕವರಿ ಯಂತ್ರವೇ ದಾರಿ.

ಹಳೆಯ ಗ್ಯಾಸನ್ನು ಗಾಳಿಗೆ ಬಿಟ್ಟುಬಿಡುವುದು ಬೇಗ ಮುಗಿಯುವ ಕೆಲಸ. ಆದರೆ ಒಂದು ಕಿಲೋ ಆರ್-410ಎ ಎಂದರೆ ಸುಮಾರು ಎರಡು ಟನ್ ಇಂಗಾಲದ ಡೈ ಆಕ್ಸೈಡ್‌ಗೆ ಸಮ. ಮೆಕ್ಯಾನಿಕ್ ಕರೆಯುವಾಗಲೇ ರಿಕವರಿ ಯಂತ್ರ ತರುತ್ತೀರಾ ಎಂದು ಕೇಳಿ. ನೈಟ್ರೋಜನ್, ಡಿಜಿಟಲ್ ವ್ಯಾಕ್ಯೂಮ್ ಗೇಜ್, ತಕ್ಕಡಿ ಇವನ್ನೂ ಕೇಳಿ. ಉತ್ತರ ಬರುವ ರೀತಿಯಲ್ಲೇ ಕೆಲಸ ಹೇಗಿರುತ್ತದೆ ಎಂದು ತಿಳಿಯುತ್ತದೆ.

ಮುಗಿದ ಮೇಲೆ

ಗೇಜ್ ಬಿಚ್ಚಿದ ಕೂಡಲೇ ವಾಲ್ವ್‌ನ ಪಿನ್ ಮೇಲೆ ಸೋಪಿನ ನೊರೆ ಹಾಕಿಸಿ. ಎಲ್ಲ ಸರಿ ಮಾಡಿ ಕೊನೆಗೆ ಆ ಪಿನ್‌ನಿಂದಲೇ ಸೋರುವುದು ಅಪರೂಪವಲ್ಲ. ಹಿತ್ತಾಳೆಯ ಕ್ಯಾಪ್‌ಗಳನ್ನು ಬಿಗಿಯಾಗಿ ಹಾಕಿದ್ದಾರೆಯೇ ನೋಡಿ. ಅವು ಧೂಳು ತಡೆಯುವುದಕ್ಕಷ್ಟೇ ಇರುವುದಲ್ಲ, ಗ್ಯಾಸನ್ನೂ ತಡೆಯುತ್ತವೆ. ಇಪ್ಪತ್ತು ನಿಮಿಷ ಓಡಿಸಿ ಒಳಗಿನ ಗಾಳಿಯ ಉಷ್ಣಾಂಶದ ವ್ಯತ್ಯಾಸವನ್ನು ಮತ್ತೆ ಅಳೆಯಿರಿ. ಕ್ಲ್ಯಾಂಪ್ ಮೀಟರ್‌ನಲ್ಲಿ ಬರುವ ಕರೆಂಟ್ ನೇಮ್‌ಪ್ಲೇಟ್‌ನ ಮಿತಿಯೊಳಗಿರಬೇಕು. ಸಣ್ಣ ಪೈಪಿನಲ್ಲಿ ಹಿಮವಿರಬಾರದು, ದಪ್ಪ ಪೈಪ್ ತಣ್ಣಗೆ ಬೆವರುತ್ತಿರಬೇಕು.

ಹಳೆಯ ಆರ್-22 ಯಂತ್ರದ ಕಾಯಿಲ್ ತೂತಾಗಿದ್ದರೆ, ಅಥವಾ ಕಂಪ್ರೆಸರ್ ಕೂಡ ಸೋತಿದ್ದರೆ, ದುರಸ್ತಿಗೆ ಸುರಿಯುವ ಹಣವನ್ನು ಹೊಸ ಯಂತ್ರಕ್ಕೆ ಹಾಕುವುದು ಸರಿ ಎಂಬುದು ನನ್ನ ನಿಲುವು. ನಟ್ ಅಥವಾ ಹೊರಗಿನ ಪೈಪಿನ ಸೋರಿಕೆಯಾದರೆ ಯಂತ್ರ ಎಷ್ಟೇ ಹಳೆಯದಾದರೂ ದುರಸ್ತಿ ಮಾಡಿಸಬಹುದು.

ಕೊನೆಯದಾಗಿ ಒಂದು ಚೀಟಿಯಲ್ಲಿ ದಿನಾಂಕ, ಸೋರಿಕೆ ಸಿಕ್ಕ ಜಾಗ, ವ್ಯಾಕ್ಯೂಮ್ ಎಷ್ಟು ಮೈಕ್ರಾನ್‌ಗೆ ಇಳಿಯಿತು, ಯಾವ ಗ್ಯಾಸ್ ಎಷ್ಟು ಗ್ರಾಂ ಹಾಕಿದರು, ಗಾಳಿಯ ಉಷ್ಣಾಂಶದ ವ್ಯತ್ಯಾಸ ಎಷ್ಟು ಬಂತು ಎಂದು ಬರೆದು ಔಟ್‌ಡೋರ್ ಯೂನಿಟ್‌ನ ಸರ್ವಿಸ್ ಕವರ್ ಒಳಗೆ, ತಂತಿಗಳಿಗೆ ತಾಗದಂತೆ ಅಂಟಿಸಿ. ಒಂದು ತಿಂಗಳ ನಂತರ ಅದೇ ಥರ್ಮಾಮೀಟರ್‌ನಿಂದ ಇನ್ನೊಮ್ಮೆ ಅಳೆದು ಆ ಸಂಖ್ಯೆಯ ಜೊತೆ ಹೋಲಿಸಿ. ವ್ಯತ್ಯಾಸ ಎರಡು ಮೂರು ಡಿಗ್ರಿ ಇಳಿದಿದ್ದರೆ, ಫಿಲ್ಟರ್ ತೊಳೆದು ಇನ್ನೊಮ್ಮೆ ನೋಡಿ, ಆಗಲೂ ಹಾಗೆಯೇ ಇದ್ದರೆ ಅದೇ ಮೆಕ್ಯಾನಿಕ್‌ಗೆ ಚೀಟಿ ತೋರಿಸಿ ಸೋರಿಕೆಯನ್ನು ಮತ್ತೆ ಹುಡುಕಿಸಿ.